ಯಲಬುರ್ಗಾ ಬಸ್ಸು ಹತ್ತಿದ ಮೂರನೆಯ ರೀಲು

ಕುಷ್ಟಗಿ

ನಾನು ಹಾಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯವರು ಕೇಳುವುದು ಒಂದೇ ಪ್ರಶ್ನೆ: "ಯಾಕ?" ಕೇಳಬೇಕಾದದ್ದೇ. ಕುಷ್ಟಗಿಯ ಟಾಕೀಜೊಂದರಲ್ಲಿ ಇಪ್ಪತ್ತಾರು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು, ವಿರೂಪಾಕ್ಷಪ್ಪ. ಆ ಟಾಕೀಜು ಈಗ ಗೊಬ್ಬರದ ಗೋದಾಮು. ಇಂಥವನಿಗೆ ವಿಮಾನದ ಟಿಕೆಟ್ ಕಳಿಸುವಷ್ಟು ತಲೆ ಕೆಟ್ಟವರು ಯಾರಪ್ಪ ಎಂದು ನನಗೂ ಅನ್ನಿಸಿತ್ತು.

ಕಾರಣ ಒಂದು ಸಿನಿಮಾ. ಹೆಸರು 'ಹೆತ್ತವಳಿಗೆ ಹಗ್ಗ'. ನಲವತ್ತು ವರ್ಷದ ಹಿಂದೆ ಗಂಗಾವತಿಯ ರೈಸ್ ಮಿಲ್ಲೊಂದರ ಅಂಗಳದಲ್ಲಿ ಪಾಂಡಪ್ಪ ಎಂಬ ಡೈರೆಕ್ಟರು ಹತ್ತೊಂಬತ್ತು ದಿನದಲ್ಲಿ ತೆಗೆದದ್ದು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಒಬ್ಬ ತಾಯಿ. ಹದಿಮೂರು ಕಪಾಳಮೋಕ್ಷ, ಎರಡು ವಿಷದ ಲೋಟ, ದನದ ಕೊಟ್ಟಿಗೆಯಲ್ಲಿ ಒಂದು ಕ್ಯಾಬರೆ. ಕೊನೆಗೆ ತಾಯಿ ಬಾವಿ ಹಗ್ಗಕ್ಕೆ ಕೊರಳು ಕೊಡುತ್ತಾಳೆ, ಮಕ್ಕಳು ಚಿತೆಯ ಮುಂದೆ ಎದೆ ಬಡಿದುಕೊಳ್ಳುತ್ತಾರೆ, ಶುಭಂ. ಊರೂರಿಗೆ ಜೀಪಿನಲ್ಲಿ ಮೈಕು ಕಟ್ಟಿಕೊಂಡು "ಅತ್ತಿ ಸೊಸಿ ಕೂಡಿ ಬರಬ್ಯಾಡ್ರಿ, ಬ್ಯಾರೆ ಬ್ಯಾರೆ ಆಟಕ್ಕ ಬರ್ರಿ" ಎಂದು ಸಾರಿದ್ದೆವು. ಹಾಗೆ ಸಾರಿದ್ದಕ್ಕೇ ಎಲ್ಲರೂ ಕೂಡಿ ಬಂದರು.

ಮೊದಲ ದಿನವೇ ಎಡವಟ್ಟಾಯಿತು. ಗಂಗಾವತಿಯಿಂದ ಬಸ್ಸಿನ ಮೇಲೆ ಬಂದ ಹದಿನಾಲ್ಕು ಡಬ್ಬಿಗಳಲ್ಲಿ ಕಂಡಕ್ಟರ್ ಇಳಿಸಿದ್ದು ಹದಿಮೂರು. ಮೂರನೆಯ ರೀಲು ಜೋಳದ ಚೀಲದ ಸಂದಿಯಲ್ಲಿ ಕುಳಿತು ಯಲಬುರ್ಗಾಕ್ಕೆ ಹೋಗಿತ್ತು. ನನಗೆ ಗೊತ್ತಾದಾಗ ಎರಡನೆಯ ರೀಲು ಓಡುತ್ತಿತ್ತು. ಏನು ಮಾಡಲಿ, ಎರಡಾದ ಮೇಲೆ ನಾಲ್ಕು ಹಚ್ಚಿದೆ. ಚಿತೆ ಉರಿಯುವ ಹೊತ್ತಿಗೆ ಸರಿಯಾಗಿ ಬಸ್ಸು ತಿರುಗಿ ಬಂತು, ಡಬ್ಬಿಯೂ ಬಂತು. ಮ್ಯಾನೇಜರು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದು, "ಹದಿನಾಕು ರೀಲು ಅಂತ ಬೋರ್ಡಿಗೆ ಬರ್ದೀವಿ. ಹದಿಮೂರು ತೋರ್ಸಿ ಕಳಿಸಿದ್ರ ಕುರ್ಚಿ ಮುರೀತಾರ. ಇದನ್ನೂ ಹಚ್ಚಿಬಿಡು" ಎಂದರು. ಹಚ್ಚಿದೆ.

ಮೂರನೆಯ ರೀಲಿನಲ್ಲಿ ಇನ್ನೂ ಜಗಳ ಶುರುವಾಗಿರುವುದಿಲ್ಲ. ಇಡೀ ಮನೆ ಅಂಗಳದಲ್ಲಿ ಸಾಲಾಗಿ ಕುಳಿತು ಹೋಳಿಗೆ ಉಣ್ಣುತ್ತದೆ. ಆಗತಾನೆ ಸುಟ್ಟ ತಾಯಿ ಬಡಿಸುತ್ತಿದ್ದಾಳೆ. ನಾಲ್ಕನೆಯ ರೀಲಿನಿಂದ ಹಾರ ಹಾಕಿದ ಫೋಟೊ ಆಗಿದ್ದ ಅಪ್ಪ ತುಪ್ಪ ಕೇಳುತ್ತಿದ್ದಾನೆ. ಟಾಕೀಜು ಸ್ತಬ್ಧವಾಯಿತು. ಇನ್ನು ಕಲ್ಲು ಬೀಳುತ್ತವೆ ಎಂದು ನಾನು ಕ್ಯಾಬಿನ್ನಿನ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು: "ಅಯ್ಯ, ಪಕ್ಷಮಾಸ ಅಲ್ಲೇನವಾ. ಹಿರ್ಯಾರು ಎಡಿ ಉಣ್ಣಾಕ ಬಂದಾರ."

ನಮ್ಮ ಕಡೆ ಪಕ್ಷಮಾಸದಲ್ಲಿ ತೀರಿಹೋದ ಹಿರಿಯರಿಗೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಮೊದಲು ಎಡೆ ಇಡುತ್ತೇವೆ, ಅವರು ಉಂಡರು ಎಂದಾದ ಮೇಲೆ ನಾವು ಉಣ್ಣುತ್ತೇವೆ. ಆ ಒಂದು ಮಾತಿಗೆ ಇಡೀ ಟಾಕೀಜು ಹೂಂಗುಟ್ಟಿ, ಕಣ್ಣೊರೆಸಿಕೊಂಡು, ಸಮಾಧಾನದಿಂದ ಮನೆಗೆ ಹೋಯಿತು. ಮರುದಿನ ಮೂರನೆಯದನ್ನು ಮೂರನೆಯದಾಗಿಯೇ ಹಚ್ಚಿದರೆ ಜನ ಕೂಗಾಡಿದರು. ಕೊನೆಗೆ ಡಬ್ಬಿಯ ಮೇಲಿನ ಅಂಕಿಗಳನ್ನೆಲ್ಲ ಕೆರೆದು, ಬಣ್ಣದಲ್ಲಿ ಹೊಸದಾಗಿ ಬರೆದು, ಊಟದ ರೀಲನ್ನು ಹದಿನಾಲ್ಕನೆಯದು ಮಾಡಿದೆ. ಬೇರೆ ಊರುಗಳಲ್ಲಿ ಮೂರು ದಿನಕ್ಕೆ ಎತ್ತಂಗಡಿಯಾದ ಸಿನಿಮಾ ನಮ್ಮಲ್ಲಿ ಪ್ರತಿ ವರ್ಷ ಪಕ್ಷಮಾಸಕ್ಕೆ ಓಡಿತು. ಅಂದು ಆ ಮಾತು ಹೇಳಿದ ಹೆಂಗಸು ಮುಂದೆ ನನಗೆ ಅತ್ತೆಯಾದಳು.

ಆ ರೀಲಿನಲ್ಲಿ ಇನ್ನೊಂದು ತಮಾಷೆಯಿತ್ತು. ಸಾಲಿನ ತುದಿಗೆ ಒಂದು ಸಣ್ಣ ಹುಡುಗಿ ಮುಖ ಊದಿಸಿಕೊಂಡು ಕೂತಿರುತ್ತದೆ. ಪರದೆಯ ಅಂಚಿನಿಂದ ಗಡಿಯಾರ ಕಟ್ಟಿದ ಕೈಯೊಂದು ಬಂದು ಅದರ ಬಾಯಿಗೆ ತುತ್ತಿಟ್ಟು ಮಾಯವಾಗುತ್ತದೆ. ಶೂಟಿಂಗಿನವರದೇ ಯಾರದೋ ಕೈ. ಇನ್ನೊಮ್ಮೆ ತೆಗೆಯಲು ಫಿಲ್ಮು ಎಲ್ಲಿತ್ತು, ಹಾಗೇ ಬಿಟ್ಟಿದ್ದರು. ಟಾಕೀಜು ಮುಚ್ಚುವ ಹಿಂದಿನ ವರ್ಷ ಪಾಂಡಪ್ಪನವರು ಒಬ್ಬರೇ ಬಂದಿದ್ದರು. ಮ್ಯಾಟಿನಿ ಮುಗಿದ ಮೇಲೆ ಖಾಲಿ ಟಾಕೀಜಿನಲ್ಲಿ ಕುಳಿತು ಆ ರೀಲನ್ನು ಮೂರು ಸಲ ಓಡಿಸಿ ನೋಡಿದರು. ಫಿಲ್ಮಿನ ಮೇಲೆ ಬಿದ್ದ ಗೀರು ಎಣಿಸುತ್ತಿದ್ದಾರೆ ಅಂದುಕೊಂಡೆ. ಅವರ ಮಾನ ಉಳಿಸೋಣವೆಂದು "ಸರ, ಆ ಕೈ ಬರೋ ತುಂಡು ಕತ್ತರಿಸಿ ಒಗೀಲೇನ್ರಿ?" ಎಂದೆ. "ಮುಟ್ಟಿದಿ ಅಂದ್ರ ನೋಡು" ಎಂದು ಬೈದು ಹೋದರು. ರೀಲು ಅದಲು ಬದಲು ಮಾಡಿದ್ದಕ್ಕೆ ಬಯ್ಯಲಿಲ್ಲ, ಚೊಕ್ಕ ಮಾಡುತ್ತೇನೆ ಎಂದದ್ದಕ್ಕೆ ಬೈದರು. ಡೈರೆಕ್ಟರುಗಳ ಬುದ್ಧಿಯೇ ಹೀಗೆ ಎಂದು ಬಿಟ್ಟುಬಿಟ್ಟೆ.

ಟಾಕೀಜು ಮುಚ್ಚಿದಾಗ ಆ ಡಬ್ಬಿಗಳು ನಮ್ಮ ಮಂಚದ ಕೆಳಗೆ ಬಂದವು. ಹೋದ ವರ್ಷ ಪಾಂಡಪ್ಪನವರ ಮಗಳು ವಸುಂಧರಾ ಹಾಲೆಂಡಿನಿಂದ ಫೋನು ಮಾಡಿದಳು. ಅಪ್ಪ ತೀರಿಹೋದರು, ಬೇರೆ ಪ್ರಿಂಟುಗಳೆಲ್ಲ ಬಳೆ ಕಾರ್ಖಾನೆಗೆ ಹೋಗಿ ಕರಗಿವೆ, ನಿಮ್ಮಲ್ಲಿ ಇದೆಯಂತೆ, ಕೊಡುತ್ತೀರಾ ಎಂದಳು. ಕೊಟ್ಟೆ. ಅವಳ ಗಂಡ ಹೆಂಕ್ ಹಳೆಯ ಸಿನಿಮಾ ಹುಡುಕಿ ಉಳಿಸುವವನು. ಅದನ್ನು ತೊಳೆಸಿ, ತಾನು ನಡೆಸುವ ಸಿನಿಮಾ ಹಬ್ಬದಲ್ಲಿ ಪ್ರದರ್ಶನಕ್ಕೆ ಇಟ್ಟು, ನನ್ನನ್ನೂ ನನ್ನ ಹೆಂಡತಿ ಶಂಕ್ರವ್ವನನ್ನೂ ಕರೆಸಿಕೊಂಡ.

ಶಂಕ್ರವ್ವನ ತಕರಾರು ಒಂದೇ. "ಪಕ್ಷಮಾಸದಾಗ ಊರು ಬಿಟ್ಟು ಹೋದ್ರ ನಿಮ್ಮವ್ವಗ ಎಡಿ ಹಿಡಿಯೋರು ಯಾರ್ರಿ?" ಅಲ್ಲಿಯೇ ಹಿಡಿಯೋಣ ಎಂದೆ. ಎಂಬತ್ತು ಖಡಕ್ ರೊಟ್ಟಿ ಬಡಿದಳು. ಮುರಿಯದಂತೆ ಒಯ್ಯುವುದು ಹೇಗೆ? ಮನೆಯಲ್ಲಿ ಒಂದು ಖಾಲಿ ರೀಲು ಡಬ್ಬಿ ಉಳಿದಿತ್ತು. ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಹಿಡಿಸದವು ಅಕ್ಕಪಕ್ಕದ ಮನೆಗೆ ಹೋದವು.

ವಿಮಾನ ನಿಲ್ದಾಣ

ತಪಾಸಣೆಯವನು ನನ್ನ ಜೇಬಿನ ಕತ್ತರಿ ಕಿತ್ತುಕೊಂಡ. ಅಂಗೈಯಷ್ಟೂ ಇಲ್ಲದ, ಫಿಲ್ಮು ಕತ್ತರಿಸುವ ಕತ್ತರಿ. ಇಪ್ಪತ್ತಾರು ವರ್ಷ ಎಷ್ಟೋ ಹೀರೋಗಳ ಹಾಡು ಕತ್ತರಿಸಿದ್ದೆ ಅದರಲ್ಲಿ. ರೊಟ್ಟಿ ಡಬ್ಬಿಯನ್ನು ಮಾತ್ರ ಎರಡು ಸಲ ಯಂತ್ರದಲ್ಲಿ ತೂರಿಸಿ, ತೆಗೆದು ನೋಡಿ, ಬಡಿದು ನೋಡಿ, ನಗುತ್ತ ವಾಪಸು ಕೊಟ್ಟ. ಅವನ ತಾಯಿಯ ಊರು ವಿಜಯಪುರವಂತೆ.

ಆ ಕಡೆ ಇಳಿದಾಗ ಹೆಂಕ್ ಹೂವು ಹಿಡಿದು ನಿಂತಿದ್ದ. ಆರೂವರೆ ಅಡಿ ಆಳು. ಬಂದವನೇ ಶಂಕ್ರವ್ವನ ಕೆನ್ನೆಗೆ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು ಮುತ್ತು ಕೊಟ್ಟ. ಅಲ್ಲಿಯ ಪದ್ಧತಿಯಂತೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಷ್ಟು ಜನರ ನಡುವೆ ನಾನು ಅವಳ ಕೈ ಹಿಡಿದವನಲ್ಲ. ಶಂಕ್ರವ್ವ ಸೆರಗು ಸರಿಮಾಡಿಕೊಂಡು, "ಮೂರಕ್ಕ ನಿಂತಾನ, ಪುಣ್ಯ" ಎಂದಳು.

ಅಷ್ಟರಲ್ಲಿ ಹೆಂಕನ ಕಣ್ಣು ನನ್ನ ಕೈಯ ಡಬ್ಬಿಯ ಮೇಲೆ ಬಿತ್ತು. ಮುಖ ಬಿಳಿಚಿತು. ಇಂಗ್ಲಿಷಿನಲ್ಲಿ ಏನೋ ತೊದಲಿದ. ವಸುಂಧರಾ ತಿರುಗಿಸಿ ಹೇಳಿದಳು: "ಹದಿನೈದನೇ ರೀಲೂ ಐತೇನು ಅಂತ ಕೇಳಾಕತ್ತಾನ ಕಾಕಾ." ನಾನು ಉತ್ತರ ಕೊಡುವ ಮೊದಲೇ ಅವನು ಹಸುಗೂಸನ್ನು ಎತ್ತಿಕೊಂಡ ಹಾಗೆ ಡಬ್ಬಿ ಎತ್ತಿಕೊಂಡಿದ್ದ. ಕಾರಿನಲ್ಲಿ ತೊಡೆಯ ಮೇಲಿಂದ ಇಳಿಸಲಿಲ್ಲ. ವಸುಂಧರಾ ಕಾರು ಓಡಿಸುತ್ತ ಅರ್ಧ ದಾರಿಗೆ ನಗು ತಡೆಯಲಾರದಾದಳು. ಅವಳಿಗೆ ವಾಸನೆ ಸಿಕ್ಕಿತ್ತು. ಮನೆಗೆ ಹೋಗಿ ಬಿಳಿ ಕೈಗವಸು ತೊಟ್ಟುಕೊಂಡು ಮುಚ್ಚಳ ತೆಗೆದವನು ಬಹಳ ಹೊತ್ತು ರೊಟ್ಟಿಯನ್ನೇ ನೋಡಿದ.

ಹೆಂಕನ ಮನೆ

ಹಾಲೆಂಡಿನಲ್ಲಿ ನೀರು ಮೇಲೆ, ಹೊಲ ಕೆಳಗೆ. ನಮ್ಮ ಗಂಗಾವತಿ ಹತ್ತಿರದ ಸಿದ್ದಾಪುರದ ಕಡೆ ಕಾಲುವೆ ಏರಿಯ ಮೇಲೆ ನಿಂತು ಗದ್ದೆ ನೋಡಿದ ಹಾಗೆಯೇ. ಆದರೆ ಇಲ್ಲಿ ಗದ್ದೆಯಿಲ್ಲ, ಬರೀ ಹುಲ್ಲು, ಹುಲ್ಲಿನ ಮೇಲೆ ಹೊಟ್ಟೆ ತುಂಬಿ ಬೇಸರಗೊಂಡ ಆಕಳು. ಶಂಕ್ರವ್ವ ಒಣಬೇಸಾಯದ ಯಲಬುರ್ಗಾ ಕಡೆಯವಳು. "ಇಷ್ಟು ನೀರು ಇಟ್ಕೊಂಡು ಹುಲ್ಲು ಬೆಳಿತಾರಲ್ರಿ" ಎಂದು ಅವಳಿಗೆ ಹೊಟ್ಟೆ ಉರಿಯಿತು.

ಮನೆಗಳ ಕಿಟಕಿಗೆ ಪರದೆಯಿಲ್ಲ. ಬೀದಿಯಲ್ಲಿ ನಡೆದರೆ ಯಾರು ಏನು ಉಣ್ಣುತ್ತಿದ್ದಾರೆ ಎಲ್ಲ ಕಾಣುತ್ತದೆ, ಆದರೆ ನೋಡಬಾರದಂತೆ. ನಮ್ಮಲ್ಲಿ ಪರದೆ ಇದೆ, ಎಲ್ಲರೂ ನೋಡುತ್ತಾರೆ. ಹೆಂಕನ ತಾಯಿ ನಾಲ್ಕು ಮನೆ ಆಚೆ ಇದ್ದಾಳೆ. ಅವಳನ್ನು ಕಾಣಲು ಹೆಂಕ್ ಡೈರಿ ತೆಗೆದು, ಫೋನಿನಲ್ಲಿ ದಿನ ಗೊತ್ತುಮಾಡಿಕೊಂಡ. ಮನೆಮಂದಿಯ, ನಂಟರ ಹುಟ್ಟುಹಬ್ಬಗಳನ್ನೆಲ್ಲ ಬರೆದ ಕ್ಯಾಲೆಂಡರು ಪಾಯಖಾನೆಯ ಗೋಡೆಗೆ ತೂಗುತ್ತದೆ. ನಿಶ್ಚಿಂತೆಯಿಂದ ಕೂತು ಬಂಧುಬಳಗವನ್ನು ನೆನೆಯುವ ಜಾಗವೇನೋ ಹೌದು. ನಾನು ಪ್ರತಿದಿನ ಬೆಳಿಗ್ಗೆ ಓದಿದೆ. ಅದರಲ್ಲಿ ಪಾಂಡಪ್ಪನವರ ಹೆಸರಿರಲಿಲ್ಲ.

ಕಾಫಿಗೆ ಕೂತಾಗ ವಸುಂಧರಾ ಒಂದು ತಗಡಿನ ಡಬ್ಬಿ ತಂದು, ಮುಚ್ಚಳ ತೆಗೆದು ಮುಂದೆ ಹಿಡಿದಳು. ನಾನೊಂದು ಬಿಸ್ಕತ್ತು ತೆಗೆದುಕೊಂಡೆ, ಶಂಕ್ರವ್ವ ಒಂದು. ಪಟ್ಟನೆ ಮುಚ್ಚಳ ಮುಚ್ಚಿತು. ಡಬ್ಬಿ ಕಪಾಟಿಗೆ ಹೋಯಿತು. ನಮ್ಮ ಮುಖ ನೋಡಿ ಅವಳಿಗೇ ನಾಚಿಕೆಯಾಯಿತು. "ರೂಢಿ ಆಗೇತಿ ಕಾಕು. ಇಲ್ಲಿ ಒಬ್ಬರಿಗೆ ಒಂದ" ಎಂದಳು. ಎದ್ದು ಹೋಗಿ ಡಬ್ಬಿ ತರಲಿಲ್ಲ ಮಾತ್ರ.

ಕಾಲುವೆ ದಂಡೆ

ಎರಡನೆಯ ದಿನ ವಸುಂಧರಾ ನಮ್ಮನ್ನು ಕಾಲುವೆ ದಂಡೆಗೆ ತಿರುಗಾಡಿಸಲು ಕರೆದೊಯ್ದಳು. ಸೈಕಲ್ಲುಗಳು ಗಂಟೆ ಬಾರಿಸುತ್ತ ನಮ್ಮನ್ನು ಹುಲ್ಲಿಗೆ ದಬ್ಬುತ್ತಿದ್ದವು. ಒಂದು ಬೆಂಚಿನ ಮೇಲೆ ಕೂತಾಗ ಅವಳೇ ಮಾತು ತೆಗೆದಳು.

"ಕಾಕಾ, ಆ ಊಟದ ಸೀನಿನ್ಯಾಗ ಕಡೀಗೆ ಕುಂತ ಹುಡುಗಿ ನಾನ."

ಬೆರಗಾಗಿ ಅವಳ ಮುಖ ನೋಡಿದೆ. ಮುಖ ಊದಿಸಿಕೊಂಡದ್ದು ನಿಜಕ್ಕೂ ಹಾಗೆಯೇ ಇತ್ತು.

"ಮಕ್ಕಳು ನೋಡೋ ಸಿನಿಮಾ ಅಲ್ಲ ಅಂತ ಅಪ್ಪ ತೋರಸಲೇ ಇಲ್ಲ. ಮುಂದ ಹೆಂಕನ್ನ ಲಗ್ನ ಆದೆ. ಇನ್ನ ನಿನ್ನ ಜೋಡಿ ಒಂದ ಪಂಕ್ತಿಗೆ ಕುಂತು ಉಣ್ಣಂಗಿಲ್ಲ ಅಂದ್ರು ಅಪ್ಪ. ಹದಿನೆಂಟು ವರ್ಷ ಮಾತಿಲ್ಲ. ಸತ್ತಾಗ ಹೋಗಿ ಮಣ್ಣು ಹಾಕಿ ಬಂದೆ, ಅಷ್ಟ." ಕಾಲ ಬಳಿಯ ಕಲ್ಲೊಂದನ್ನು ನೀರಿಗೆ ಒಗೆದಳು. "ನೀವು ಕಳಿಸಿದ ಪ್ರಿಂಟು ಹೋದ ತಿಂಗಳು ನೋಡಿದೆ. ಎಲ್ಲಾರೂ ಸತ್ತು, ಬಡಿದಾಡಿ, ಕಡೀಗೆ ಒಂದ ಪಂಕ್ತಿಗೆ ಕುಂತು ಉಣ್ತಾರ. ಅಂಥಾದ್ದು ಮಾಡಿದ ಮನಿಷಾನ ಮನಸಿನ್ಯಾಗ ಎಲ್ಲೋ ಒಂದು ಕಡಿ ನನಗೂ ಜಾಗಾ ಇತ್ತಲ್ಲ ಅನ್ನಿಸ್ತು. ಅವತ್ತ ಮೊದಲನೇ ಸಲ ಅಪ್ಪಗಂತ ಅತ್ತೆ."

ಅಪ್ಪ ಮಾಡಿದ್ದೆಂದು ಅವಳು ಅತ್ತದ್ದು ಜೋಳದ ಚೀಲ, ಬಸ್ಸು, ಕಂಡಕ್ಟರು ಕೂಡಿ ಮಾಡಿದ ಕೆಲಸಕ್ಕೆ.

ಕೋಣೆಗೆ ಬಂದು ಶಂಕ್ರವ್ವನಿಗೆ ಕೇಳಿದೆ. "ನಾಳೆ ಸ್ಟೇಜಿನ ಮ್ಯಾಲೆ ಕೇಳಿದ್ರ ಆ ಕಡೀ ಊಟದ ಸೀನು ಡೈರೆಕ್ಟರ ಮಾಡಿದ್ದು ಅಂತ ಹೇಳಿಬಿಡ್ತೀನಿ. ಯಾರ ಗಂಟು ಹೋಗ್ತೈತಿ?"

"ಹೇಳ್ರಿ" ಎಂದಳು ಶಂಕ್ರವ್ವ, ರೊಟ್ಟಿ ಮುರಿಯುತ್ತ. "ಆದ್ರ ನಿಮಗ ಸುಳ್ಳು ಹೇಳಾಕ ಬರೂದಿಲ್ಲ. ಕಿವಿ ಕೆಂಪಗ ಆಗ್ತಾವ."

ಹಾಲಿನ ಕಾರ್ಖಾನೆ

ಪ್ರದರ್ಶನ ಒಂದು ಹಳೆಯ ಹಾಲಿನ ಕಾರ್ಖಾನೆಯಲ್ಲಿ. ಮೂರು ದಿನವೂ ಇಂಥವೇ ಸಿನಿಮಾ. ಜಗತ್ತಿನ ಮನೆಮನೆಯ ಜಗಳವನ್ನು ಕಡಿಮೆ ಖರ್ಚಿನಲ್ಲಿ ತೆಗೆದು, ಪೋಸ್ಟರಿನ ಮೇಲೆ ರಕ್ತ ಚೆಲ್ಲಿದ್ದು. ಮಲತಾಯಿ ಕಾಯಿಸಿದ ಕಬ್ಬಿಣ ಹಿಡಿದು ನಿಂತದ್ದೊಂದು, ಕುಡುಕ ಅಪ್ಪ ಮಗಳ ಮದುವೆಗೆ ಬೆಂಕಿ ಇಟ್ಟದ್ದೊಂದು. ಭಾಷೆ ತಿಳಿಯದಿದ್ದರೂ ನನಗೆ ಎಲ್ಲವೂ ತಿಳಿಯಿತು. ಯಾವ ದೇಶವಾದರೂ ಕಪಾಳಕ್ಕೆ ಹೊಡೆದದ್ದನ್ನು ಮೂರು ಸಲ ತೋರಿಸುತ್ತಾರೆ, ಗುಡುಗು ಕೇಳಿಸುತ್ತಾರೆ, ಬಾಗಿಲು ಹಾಕಿದರೆ ರಟ್ಟಿನ ಗೋಡೆ ನಡುಗುತ್ತದೆ. ಜನ ಮಾತ್ರ ಅಳುವ ಕಡೆ ಬಿದ್ದು ಬಿದ್ದು ನಗುತ್ತಿದ್ದರು. "ಹೆತ್ತವ್ವ ಸಾಯಾಕತ್ಯಾಳ, ಹಲ್ಲು ಕಿಸೀತಾವ" ಎಂದು ಶಂಕ್ರವ್ವ ಹಿಂದೆ ತಿರುಗಿ ಕಣ್ಣು ಬಿಟ್ಟಳು. ಎರಡು ಸಾಲು ಸುಮ್ಮನಾಯಿತು.

ಶನಿವಾರ ಮಧ್ಯಾಹ್ನ ನಮ್ಮದು. ಹದಿಮೂರು ಕಪಾಳಮೋಕ್ಷಕ್ಕೂ ನಗು, ಕೊಟ್ಟಿಗೆಯ ಕ್ಯಾಬರೆಗೆ ಚಪ್ಪಾಳೆ. ಆದರೆ ಚಿತೆ ಉರಿದು, ಪರದೆ ಕಪ್ಪಾಗಿ, ಮತ್ತೆ ಅಂಗಳ ಮೂಡಿ ಸತ್ತ ತಾಯಿ ಹೋಳಿಗೆ ಬಡಿಸತೊಡಗಿದಾಗ ಯಾರೂ ನಗಲಿಲ್ಲ. ಕುಷ್ಟಗಿಯಲ್ಲಿ ಅಂದು ಆದ ಹಾಗೆಯೇ ಸ್ತಬ್ಧ. ನನ್ನ ಕೈ ತಾನಾಗಿ ಚಿಲಕ ಹುಡುಕಿತು.

ಆಮೇಲೆ ನನ್ನನ್ನು ವೇದಿಕೆಗೆ ಹತ್ತಿಸಿದರು. ಹೆಂಕ್ ತನ್ನ ಭಾಷೆಯಲ್ಲಿ ಕೇಳುವುದು, ವಸುಂಧರಾ ನಮ್ಮಿಬ್ಬರ ನಡುವೆ ನಿಂತು ತಿರುಗಿಸುವುದು. ಈ ಕೊನೆಯ ದೃಶ್ಯದ ಬಗ್ಗೆ ಅವನು ಹತ್ತು ನಿಮಿಷ ಮಾತಾಡಿದ. ಕಾಲವನ್ನೇ ಹಿಂದಕ್ಕೆ ಹರಿಸಿದ ಧೈರ್ಯ ಅದು ಎಂದ. ಇಂಥ ಯೋಚನೆ ಆ ಬಡ ಡೈರೆಕ್ಟರಿಗೆ ಹೇಗೆ ಬಂತು ಎಂದು ಕೇಳಿದ. ವಸುಂಧರಾ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಆಡಿದ ಸುಳ್ಳನ್ನು ಆ ಹುಡುಗಿ ತನ್ನ ಬಾಯಿಂದ ಇನ್ನೂರು ಜನರಿಗೆ ಹೇಳಬೇಕು. ಅಪ್ಪನ ಹೆಸರಿನಲ್ಲಿ, ಮಗಳ ಬಾಯಲ್ಲಿ ಅದನ್ನು ತುರುಕಲು ನನ್ನಿಂದಾಗಲಿಲ್ಲ.

"ಯವ್ವಾ, ಅದು ನಿಮ್ಮಪ್ಪ ಮಾಡಿದ್ದಲ್ಲ" ಎಂದೆ. "ಆ ರೀಲು ಬಸ್ಸಿನ ಮ್ಯಾಲೆ ಯಲಬುರ್ಗಾಕ್ಕ ಹೋಗಿತ್ತು." ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಜೋಳದ ಚೀಲ, ಮ್ಯಾನೇಜರು, ನಮ್ಮತ್ತೆ, ಕೆರೆದ ಅಂಕಿ, ಎಲ್ಲವನ್ನೂ ಹೇಳಿದೆ.

ಅವಳು ಒಂದೊಂದೇ ವಾಕ್ಯ ತಿರುಗಿಸಿದಳು. ಜನ ಕುರ್ಚಿ ಬಡಿದು ನಕ್ಕರು, ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ, ಅಷ್ಟು ಸಂಕಟವೂ ಆಗಿರಲಿಲ್ಲ. ಹೆಂಕ್ ಒಬ್ಬನೇ ನಗಲಿಲ್ಲ. ಹೆಂಡತಿಯ ಮುಖ ನೋಡಿ, ಮಾತು ಬದಲಿಸಲು, ಆ ಗಡಿಯಾರದ ಕೈ ಯಾರದು ಎಂದು ಕೇಳಿದ.

ವಸುಂಧರಾ ಪ್ರಶ್ನೆಯನ್ನು ನನಗೆ ತಿರುಗಿಸಲೇ ಇಲ್ಲ. ತಾನೇ ಕನ್ನಡದಲ್ಲಿ ಹೇಳಿದಳು. "ಅದು ಅಪ್ಪನ ಕೈ, ಕಾಕಾ. ನಾ ಉಣ್ಣಂಗಿಲ್ಲ ಅಂತ ಹಟ ಹಿಡಿದಿದ್ದೆ. ಇಡೀ ಜನ್ಮದಾಗ ಅವರು ನನಗ ಕೈತುತ್ತು ಕೊಟ್ಟದ್ದು ಅದೊಂದ ಸಲ. ಅದೂ ಫಿಲ್ಮು ಹಾಳಾಗ್ತೈತಿ ಅಂತ."

ಆಗ ನನಗೆ ಖಾಲಿ ಟಾಕೀಜು ಕಣ್ಣ ಮುಂದೆ ಬಂತು. ಅಯ್ಯೋ ಮಡ್ಡಿ, ಗೀರು ಎಣಿಸುತ್ತಿದ್ದಾರೆ ಅಂದುಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಯವ್ವಾ, ನಿನ್ನ ಲಗ್ನ ಆಗಿ ಎಷ್ಟು ವರ್ಷಕ್ಕ ಟಾಕೀಜು ಮುಚ್ಚೀತು?" ಲೆಕ್ಕ ಹಾಕಿದೆ. "ನಾಕು ವರ್ಷ. ಅದರ ಹಿಂದಿನ ವರ್ಷ, ನಿನ್ನ ಜೋಡಿ ಮಾತು ಬಿಟ್ಟ ಮ್ಯಾಲೆ, ನಿಮ್ಮಪ್ಪ ಕುಷ್ಟಗಿಗೆ ಬಂದಿದ್ರು. ಒಬ್ಬರ. ಬ್ಯಾರೆ ಯಾವ ರೀಲೂ ಕೇಳಲಿಲ್ಲ. ಇದೊಂದನ್ನ ಮೂರು ಸಲ ಹಾಕಿಸಿಕೊಂಡು ನೋಡಿದ್ರು. ಆ ಕೈ ಕತ್ತರಿಸಲೇನ್ರಿ ಅಂದೆ. ಮುಟ್ಟಿದಿ ಅಂದ್ರ ನೋಡು ಅಂದ್ರು."

ಜನ ಅನುವಾದಕ್ಕೆ ಕಾಯುತ್ತಿದ್ದರು. ಹೆಂಕ್ ಕಾಯುತ್ತಿದ್ದ. ವಸುಂಧರಾ ಮೈಕು ಹಿಡಿದುಕೊಂಡೇ ಕೇಳಿದಳು, "ಎಷ್ಟು ಸಲ?"

"ಮೂರು."

ಅವಳು ಮೈಕನ್ನು ಹೆಂಕನ ಕೈಗೆ ಕೊಟ್ಟು, ಮೆಟ್ಟಿಲು ಇಳಿದು, ಶಂಕ್ರವ್ವನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತಳು. ಶಂಕ್ರವ್ವ ಸೆರಗು ಕೊಟ್ಟಳು. ಆ ಕೊನೆಯ ಮಾತು ಆ ಊರಿನವರಿಗೆ ಇವತ್ತಿಗೂ ಗೊತ್ತಿಲ್ಲ.

ಅಮಾವಾಸ್ಯೆ

ಹೊರಡುವ ದಿನ ನಮ್ಮಲ್ಲಿ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಎದ್ದು ಶಂಕ್ರವ್ವ ಹೆಂಕನ ಊಟದ ಮೇಜಿನ ತುದಿಗೆ ಒಂದು ತಟ್ಟೆ ಇಟ್ಟಳು. ರೀಲು ಡಬ್ಬಿಯ ಕೊನೆಯ ಎರಡು ರೊಟ್ಟಿ, ಶೇಂಗಾ ಚಟ್ನಿ, ಬ್ರೆಡ್ಡಿಗೆ ಉದುರಿಸುವ ಚಾಕೊಲೇಟಿನ ಕಾಳು. ನಮ್ಮವ್ವನಿಗೆ ಸಿಹಿ ಎಂದರೆ ಪ್ರಾಣ.

ವಸುಂಧರಾ ನಿಂತು ನೋಡುತ್ತಿದ್ದಳು. "ಕಾಕು, ಅಪ್ಪಗೂ ಇಡಬೌದೇನ್ರಿ? ಹೆಣ್ಮಗಳು ಇಡಬೌದಾ?"

"ಹಸಿದು ಬಂದವ ಯಾರು ಇಟ್ಟಾರ ಅಂತ ಕೇಳ್ತಾನೇನು" ಎಂದಳು ಶಂಕ್ರವ್ವ. "ಏನು ಸೇರತಿತ್ತು ಅವರಿಗೆ?"

"ಚಾ ಜೋಡಿ ಬಿಸ್ಕತ್ತು. ಲೆಕ್ಕ ಇರತಿರಲಿಲ್ಲ."

ಕಪಾಟಿನಿಂದ ಡಬ್ಬಿ ಬಂತು. ಒಂದಲ್ಲ, ಎರಡಲ್ಲ, ತಟ್ಟೆಯ ತುಂಬ ಜೋಡಿಸಿದಳು. ಪಕ್ಕಕ್ಕೆ ಒಂದು ಕಪ್ ಚಹಾ ಇಟ್ಟಳು. ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತಳು.

ಅಷ್ಟರಲ್ಲಿ ಹೆಂಕ್ ನಿದ್ದೆಗಣ್ಣಿನಲ್ಲಿ ಕೆಳಗಿಳಿದು ಬಂದ. ತನ್ನ ಮನೆಯಲ್ಲಿ ಒಂದೇ ಸಲಕ್ಕೆ ಅಷ್ಟು ಬಿಸ್ಕತ್ತನ್ನು ಅವನು ಕಂಡೇ ಇರಲಿಲ್ಲವೇನೋ. ಮುಖ ಅರಳಿತು, ಕೂತು ಕೈ ಚಾಚಿದ. ವಸುಂಧರಾ ಅವನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಚಾಚಿದ ಕೈ ಹಿಂದೆ ಹೋಯಿತು.

"ಏನಂದಿ?" ಎಂದಳು ಶಂಕ್ರವ್ವ.

"ಅದು ಅಪ್ಪಂದು, ಅವರದು ಆದ ಮ್ಯಾಲೆ ನಿಂದು ಅಂದೆ."

ಆರೂವರೆ ಅಡಿಯ ಅಳಿಯ ಕೈ ಕಟ್ಟಿಕೊಂಡು, ಮಾವ ಉಂಡು ಏಳುವುದನ್ನು ಕಾಯುತ್ತ ಕೂತ.